ಕಲೆಗೆ ಜಾತಿ ಇಲ್ಲ ಅನ್ನುವವರಿಗೆ

"ಕಲೆಗೆ ಜಾತಿ ಇಲ್ಲ" ಎಂಬ ಮಾತನ್ನು ಶಾಲೆಯ ಗ್ಯಾದರಿಂಗಿನಲ್ಲಿ ವರ್ಷಕ್ಕೊಮ್ಮೆಯಾದರೂ ಕೇಳುತ್ತೇವೆ. ಅತಿಥಿಗಳು ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಕೇಳಲಿಕ್ಕೆ ಸಿಹಿ, ಆದರೆ ಸುಳ್ಳು. ಕಲೆಗೆ ಜಾತಿ ಇಲ್ಲದಿರಬಹುದು. ಅದನ್ನು ನೋಡುವವರ ಕುರ್ಚಿಗೆ ಇದೆ, ಕಲಾವಿದರು ಇಳಿದುಕೊಳ್ಳುವ ಕೋಣೆಗೆ ಇದೆ. ನಂಬದವರು ಅಮೆರಿಕದ ಹಾಡುಗಾರ್ತಿ, ನಟಿ ಲೀನಾ ಹಾರ್ನ್ ಅವರ ಬಾಳನ್ನು ನೋಡಬೇಕು.

ಲೀನಾ ಹುಟ್ಟಿದ್ದು 1917ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಕಪ್ಪು ಜನರ ಮನೆತನದಲ್ಲಿ. ಹದಿನಾರನೆಯ ವಯಸ್ಸಿಗೆ ಕಾಟನ್ ಕ್ಲಬ್ಬಿನಲ್ಲಿ ಕುಣಿಯುವ ಕೆಲಸಕ್ಕೆ ಸೇರಿದರು. ಆ ಕ್ಲಬ್ ಇದ್ದದ್ದು ಕಪ್ಪು ಜನರದೇ ಕೇರಿಯಾದ ಹಾರ್ಲೆಮ್‌ನಲ್ಲಿ. ಕುಣಿಯುವವರು, ಹಾಡುವವರು ಕಪ್ಪು ಜನ; ಕುರ್ಚಿಯ ಮೇಲೆ ಕೂತವರು ಬಿಳಿಯರು. ಆಗ ಸ್ವಿಂಗ್ ಸಂಗೀತದ ಕಾಲ. ಕಹಳೆ, ಸ್ಯಾಕ್ಸಫೋನ್, ಡ್ರಮ್ ಕೂಡಿದ ದೊಡ್ಡ ಮೇಳಗಳು ಊರೂರು ತಿರುಗಿ ಜನರನ್ನು ಕುಣಿಸುತ್ತಿದ್ದವು. 1940ರ ಹೊತ್ತಿಗೆ ಲೀನಾ, ಚಾರ್ಲಿ ಬಾರ್ನೆಟ್ ಎಂಬ ಬಿಳಿಯನ ಮೇಳದಲ್ಲಿ ಹಾಡಿದರು. ಆಕೆಯ ದನಿ ಎಲ್ಲರಿಗೂ ಬೇಕಿತ್ತು. ಆದರೆ ಎಷ್ಟೋ ಹೋಟೆಲುಗಳಲ್ಲಿ ಆಕೆಗೆ ಕೋಣೆ ಸಿಗಲಿಲ್ಲ.

1942ರಲ್ಲಿ ಎಂಜಿಎಂ ಎಂಬ ದೊಡ್ಡ ಸಿನೆಮಾ ಕಂಪನಿ ಆಕೆಯೊಡನೆ ಕರಾರು ಮಾಡಿಕೊಂಡಿತು. ನೋಡಿದವರು, ದೊಡ್ಡ ಅವಕಾಶ ಅಂದರು. ಎಂಥ ಅವಕಾಶ? ಬಿಳಿಯರು ನಟಿಸಿದ ಚಿತ್ರಗಳಲ್ಲಿ ಆಕೆ ಬಂದು ಒಂದು ಹಾಡು ಹಾಡಿ ಹೋಗಬೇಕು, ಅಷ್ಟೇ. ಕತೆಗೂ ಆ ಹಾಡಿಗೂ ಸಂಬಂಧ ಇರಬಾರದು. ಯಾಕಂದರೆ ದಕ್ಷಿಣದ ರಾಜ್ಯಗಳ ಥಿಯೇಟರುಗಳಲ್ಲಿ ಅದಷ್ಟನ್ನೇ ಕತ್ತರಿಸಿ ತೆಗೆದರೆ ಚಿತ್ರ ಕೆಡಬಾರದು! ಬೇಕಾದಾಗ ಕಟ್ಟುವ, ಬ್ಯಾಡಾದಾಗ ಬಿಚ್ಚಿ ಒಗೆಯುವ ತೋರಣ ಇದ್ದಂಗ.

"ಷೋ ಬೋಟ್" ಕತೆಯ ಜೂಲಿ ಎಂಬವಳಲ್ಲಿ ಕಪ್ಪು ರಕ್ತವೂ ಇದೆ. ಅದೇ ಕಾರಣಕ್ಕೆ ಅವಳ ಬದುಕು ಹಾಳಾಗುತ್ತದೆ. 1946ರ ಒಂದು ಚಿತ್ರದಲ್ಲಿ ಜೂಲಿಯ ಹಾಡನ್ನು ಲೀನಾ ಅವರಿಂದಲೇ ಹಾಡಿಸಿದ್ದರು. 1951ರಲ್ಲಿ ಪೂರ್ತಿ ಚಿತ್ರ ತೆಗೆದಾಗ ಆ ಪಾತ್ರ ಸಿಕ್ಕಿದ್ದು ಬಿಳಿಯ ನಟಿ ಅವಾ ಗಾರ್ಡ್ನರ್ ಅವರಿಗೆ. ಕಪ್ಪು ಹೆಣ್ಣಿನ ಸಂಕಟ ತೆರೆಗೆ ಬೇಕು, ಕಪ್ಪು ಹೆಣ್ಣು ಬ್ಯಾಡ.

"ಅಲ್ರೀ, ಹಣ ಬಂತು, ಹೆಸರು ಬಂತು, ಸುಮ್ನ ಹಾಡ್ಕೊಂಡು ಇರಬೇಕಿತ್ತು" ಅನ್ನುವವರು ಅಲ್ಲೂ ಇದ್ದರು, ಇಲ್ಲೂ ಇದ್ದಾರೆ. ಮಹಾಯುದ್ಧದ ಕಾಲದ ಒಂದು ಸಂಗತಿ ಕೇಳಿ. ಸೈನಿಕ ಶಿಬಿರದಲ್ಲಿ ಆಕೆಯ ಹಾಡು. ಮುಂದಿನ ಸಾಲಿನಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರು, ಅವರ ಹಿಂದೆ ಅಮೆರಿಕದವರೇ ಆದ ಕಪ್ಪು ಸೈನಿಕರು. ವೈರಿಗೆ ಮುಂದಿನ ಕುರ್ಚಿ, ಸ್ವಂತ ಸೈನಿಕನಿಗೆ ಹಿಂದಿನದು! ಲೀನಾ ವೇದಿಕೆ ಇಳಿದು, ಜರ್ಮನರಿಗೆ ಬೆನ್ನು ಮಾಡಿ, ಕಪ್ಪು ಸೈನಿಕರ ಎದುರು ನಿಂತು ಹಾಡಿದರು. ಸುಮ್ಮನಿದ್ದಿದ್ದರೆ ಆ ಕುರ್ಚಿಗಳ ಸಾಲು ಸರಿಯೆಂದು ಒಪ್ಪಿದಂತೆಯೇ ಆಗುತ್ತಿತ್ತು.

ಇದಕ್ಕೆಲ್ಲ ಬೆಲೆ ತೆರಬೇಕಾಯಿತು. 1950ರಲ್ಲಿ ಕಮ್ಯುನಿಸ್ಟರ ಪರ ಎಂಬ ಪಟ್ಟಿಯಲ್ಲಿ ಆಕೆಯ ಹೆಸರು ಬಂತು; ಸಿನೆಮಾ, ಟಿವಿಯ ಬಾಗಿಲು ವರ್ಷಗಟ್ಟಲೆ ಮುಚ್ಚಿದವು. ಆದರೂ 1963ರಲ್ಲಿ ವಾಷಿಂಗ್ಟನ್ ಮೆರವಣಿಗೆಯಲ್ಲಿ ಆಕೆ ಇದ್ದರು. 1981ರಲ್ಲಿ ಬ್ರಾಡ್‌ವೇ ರಂಗಮಂದಿರದಲ್ಲಿ ತನ್ನ ಬದುಕನ್ನೇ ಹಾಡಿ ಹೇಳಿದ ಆಟ 333 ಪ್ರದರ್ಶನ ಕಂಡಿತು. ಆಗ ಅವರ ಹಾಡನ್ನು ಯಾರೂ ಕತ್ತರಿಸಲಾಗಲಿಲ್ಲ. 2010ರಲ್ಲಿ ತೀರಿಕೊಂಡರು. ಬ್ರಾಡ್‌ವೇಯ ಒಂದು ರಂಗಮಂದಿರಕ್ಕೆ ಆಕೆಯ ಹೆಸರಿಟ್ಟದ್ದು 2022ರಲ್ಲಿ.

"ಅದು ಅಮೆರಿಕದ ಮಾತು, ನಮಗೇನು?" ಅನ್ನಬೇಡಿ. ನಮ್ಮ ಜಾತ್ರೆಗಳಲ್ಲಿ ಹಲಗಿ ಬೇಕು. ಹಲಗಿ ಬಾರಿಸುವವನು ಗುಡಿಯ ಹೊಸ್ತಿಲು ದಾಟಬಾರದು ಎಂದು ಎಷ್ಟು ತಲೆಮಾರು ನಡೆಸಿದೆವು? ಪಲ್ಲಕ್ಕಿ ಒಳಗೆ ಹೋದಮೇಲೆ ಅವನು ಎಲ್ಲಿ ನಿಲ್ಲುತ್ತಿದ್ದ, ಎಲ್ಲಿ ಉಣ್ಣುತ್ತಿದ್ದ ಎಂದು ಹಿರಿಯರನ್ನು ಕೇಳಿ.

ಮಾಸ್ತರ್ರೇ, ಮಕ್ಕಳಿಗೆ "ಕಲೆಗೆ ಜಾತಿ ಇಲ್ಲ" ಅಂತ ಬಾಯಿಪಾಠ ಮಾಡಿಸಬೇಡಿ. ಹಾಡಿದವರು ಯಾರು, ಕೂತವರು ಯಾರು, ಆಟ ಮುಗಿದ ಮೇಲೆ ಯಾರು ಎಲ್ಲಿ ಉಂಡರು ಎಂದು ಕೇಳುವುದನ್ನು ಕಲಿಸಿ. ಆ ಮೂರು ಪ್ರಶ್ನೆಗೆ ನಾಚಿಕೆಯಿಲ್ಲದೆ ಉತ್ತರ ಹೇಳುವ ದಿನ ಬರಲಿ. ಅಂದು ಚಪ್ಪಾಳೆ ತಟ್ಟೋಣ.