ಯಕೃತ್ತಿನ ಕೇಡು, ಬುದ್ಧಿಯ ಮಬ್ಬು

ನನಗೆ ಪರಿಚಿತವಾದ ಒಂದು ಮನೆಯ ಯಜಮಾನರು ಬಹುಕಾಲ ಮದ್ಯಪಾನಕ್ಕೆ ವಶರಾಗಿದ್ದು, ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ವೈದ್ಯರ ಮಾತಿಗೆ ಕಟ್ಟುಬಿದ್ದು ಅದನ್ನು ತ್ಯಜಿಸಿದರು. ಮೂರು ತಿಂಗಳು ಕಳೆದುವು. ಒಂದು ದಿನ ಆ ಮನೆಯಾಕೆ ಬಂದು, “ಮೇಷ್ಟರೇ, ಇವರು ಮತ್ತೆ ಕದ್ದು ಕುಡಿಯುತ್ತಿದ್ದಾರೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎದ್ದು ಕುಳಿತಿರುವುದು. ಕೇಳಿದ್ದಕ್ಕೆ ತೊದಲು ಉತ್ತರ. ದೇವರ ಮುಂದೆ ಇಟ್ಟ ಆಣೆಯೂ ಹೋಯಿತು” ಎಂದು ಕಣ್ಣೀರಿಟ್ಟರು. ನಾನು ಹೋಗಿ ನೋಡಿದೆನು. ಬಾಯಲ್ಲಿ ಮದ್ಯದ ಗಂಧವಿರಲಿಲ್ಲ. ಹಳಸಿದ ಸಿಹಿಯಂತಹ ಬೇರೊಂದು ವಾಸನೆಯಿತ್ತು. ಲೆಕ್ಕದ ಪುಸ್ತಕದಲ್ಲಿ ಹಿಂದಿನ ವಾರ ಬರೆದಿದ್ದ ಅಂಕಿಗಳನ್ನೂ ಆ ದಿನದ ಅಂಕಿಗಳನ್ನೂ ಹೋಲಿಸಿದೆನು; ಜೀವಮಾನವೆಲ್ಲ ಹುಡುಗರ ಕಾಪಿ ತಿದ್ದಿದ ಕಣ್ಣಿಗೆ ಅದು ಬೇರೊಬ್ಬರ ಬರೆಹದಂತೆ ಕಂಡಿತು. ಅವರು ಕುಡಿದಿರಲಿಲ್ಲವೆಂಬುದು ಆಸ್ಪತ್ರೆಯಲ್ಲಿ ತಿಳಿಯಿತು. ನಾಲ್ಕು ದಿನದಿಂದ ಮಲಬದ್ಧತೆಯಾಗಿತ್ತು, ಅದೇ ಕಾರಣ.

ಮಲಬದ್ಧತೆಗೂ ಬುದ್ಧಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನವಸಾಗರವನ್ನು ಸುಣ್ಣದೊಡನೆ ತಿಕ್ಕಿ ಮೂಸಿದಾಗ ಮೂಗಿಗೆ ಹೊಡೆಯುವ ವಾಯುವನ್ನು ಬಲ್ಲಿರಷ್ಟೆ. ಅದೇ ಅಮೋನಿಯ. ಬೇಳೆ, ಹಾಲು, ಮಾಂಸಗಳಲ್ಲಿರುವ ಪ್ರೋಟೀನು ಕರುಳಿನಲ್ಲಿ ಮುರಿಯುವಾಗ ಅಲ್ಲಿರತಕ್ಕ ಸೂಕ್ಷ್ಮಜೀವಿಗಳ ದೆಸೆಯಿಂದಲೂ, ಕರುಳಿನ ಸ್ವಂತ ವ್ಯಾಪಾರದಿಂದಲೂ ಈ ಅಮೋನಿಯವು ನಮ್ಮೆಲ್ಲರ ದೇಹದಲ್ಲಿಯೂ ನಿತ್ಯ ಹುಟ್ಟುವುದು. ಮಲವು ಹೆಚ್ಚು ಕಾಲ ನಿಂತಷ್ಟೂ ಅದು ಹೆಚ್ಚಾಗಿ ರಕ್ತಕ್ಕೆ ಸೇರುವುದು. ಕರುಳಿನಿಂದ ಹೊರಟ ರಕ್ತವು ಒಂದು ದೊಡ್ಡ ಸಿರೆಯಲ್ಲಿ ಕೂಡಿ ಮೊದಲು ಯಕೃತ್ತನ್ನು ಹೊಗುತ್ತದೆ. ಅದು ಸುಂಕದ ಕಟ್ಟೆಯಿದ್ದಂತೆ. ಅಲ್ಲಿ ಅಮೋನಿಯವು ನಿರುಪದ್ರವಿಯಾದ ಯೂರಿಯವಾಗಿ ಮಾರ್ಪಟ್ಟು ಮೂತ್ರದಲ್ಲಿ ಹೊರಹೋಗುವುದು. ಆ ಮಾರ್ಪಾಡಿನ ಕ್ರಮವನ್ನು ಜರ್ಮನಿಯಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ಎಂಬವರು 1932ರಲ್ಲಿ ಕಂಡುಹಿಡಿದರು. ಮದ್ಯದಿಂದ ಯಕೃತ್ತು ಗಾಯಗೊಂಡು ನಾರುಗಟ್ಟಿ ಗಡುಸಾದರೆ ರಕ್ತಕ್ಕೆ ಒಳದಾರಿ ಇಕ್ಕಟ್ಟಾಗುತ್ತದೆ. ಆಗ ಅದು ಪಕ್ಕದ ಓಣಿಗಳಂತಹ ಚಿಕ್ಕ ಸಿರೆಗಳನ್ನು ಹಿಗ್ಗಿಸಿಕೊಂಡು, ಕಟ್ಟೆಯನ್ನು ತಪ್ಪಿಸಿ, ಶುದ್ಧಿಯಾಗದೆಯೇ ಮಿದುಳಿಗೆ ಹೋಗುತ್ತದೆ. ನಾನು ಗಮನಿಸಿದ ಆ ಬಾಯಿಯ ವಾಸನೆಯೂ ಹೀಗೆ ತಪ್ಪಿಸಿಕೊಂಡ ಪದಾರ್ಥಗಳದೇ.

ಇದು ಊಹೆಯ ಮಾತಲ್ಲ. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪಾವ್ಲೊವ್, ನೆಂಟ್ಸ್ಕಿ ಮೊದಲಾದವರು, ನಾಯಿಗಳ ಆ ದೊಡ್ಡ ಸಿರೆಯನ್ನು ಯಕೃತ್ತಿಗೆ ಹೋಗಗೊಡದೆ ನೇರವಾಗಿ ಹೃದಯದ ಕಡೆಗೆ ತಿರುಗಿಸಿ ಏನಾಗುವುದೆಂದು ಪರೀಕ್ಷಿಸಿ 1893ರಲ್ಲಿ ಪ್ರಕಟಿಸಿದರು. ಹಾಗೆ ಮಾಡಿದ ನಾಯಿಗಳಿಗೆ ಮಾಂಸವನ್ನು ಉಣಿಸಿದಾಗ ಅವು ತೂರಾಡಿ, ಕೆರಳಿ, ಕಡೆಗೆ ಮೂರ್ಛೆಗೆ ಸಂದುವು. ಒಂದು ತೊಟ್ಟು ಮದ್ಯವಿಲ್ಲದೆ ಅಮಲು!

ಮಿದುಳಿನೊಳಗೆ ನಡೆಯುವುದಾದರೂ ಏನು? ಅಲ್ಲಿ ನರಕೋಶಗಳಿಗೆ ಊಳಿಗ ಮಾಡುವ, ನಕ್ಷತ್ರಾಕಾರದ ಬೇರೊಂದು ಬಗೆಯ ಕೋಶಗಳುಂಟು; ಆಸ್ಟ್ರೋಸೈಟುಗಳೆಂದು ಹೆಸರು. ಮಿದುಳಿಗೆ ಯೂರಿಯವನ್ನು ಮಾಡುವ ಶಕ್ತಿಯಿಲ್ಲವಾದ ಕಾರಣ, ಬಂದ ಅಮೋನಿಯವನ್ನೆಲ್ಲ ಇವೇ ನುಂಗಿ, ಗ್ಲುಟಮೇಟ್ ಎಂಬ ಪದಾರ್ಥದೊಡನೆ ಕೂಡಿಸಿ ಗ್ಲುಟಮೀನನ್ನು ಮಾಡಿಡುತ್ತವೆ. ಆ ಗ್ಲುಟಮೇಟಾದರೋ ನರಗಳು ಒಂದಕ್ಕೊಂದು ಸಂದೇಶ ಕಳುಹಿಸುವ ಮುಖ್ಯ ದೂತ. ಹೀಗಾಗಿ ಉಪಕಾರಕ್ಕೆ ಹೊರಟ ಕೋಶವೇ ಕಷ್ಟಕ್ಕೆ ಸಿಕ್ಕುವುದು. ಒಳಗೆ ಗ್ಲುಟಮೀನು ಶೇಖರವಾಗಿ, ನೆನೆಯಹಾಕಿದ ಒಣದ್ರಾಕ್ಷಿಯಂತೆ ನೀರನ್ನೆಳೆದುಕೊಂಡು ಉಬ್ಬುತ್ತದೆ. ಉಬ್ಬು ಮಿತಿಮೀರದಿರಲೆಂದು ತನ್ನಲ್ಲಿದ್ದ ಮಯೋ-ಇನೋಸಿಟಾಲ್ ಎಂಬ ಮತ್ತೊಂದು ದ್ರವ್ಯವನ್ನು ಹೊರದೂಡುತ್ತದೆ. ಈಗಿನ ಕಾಲದ ಕಾಂತೀಯ ಯಂತ್ರಗಳು ತಲೆಯನ್ನು ತೆರೆಯದೆಯೇ ಈ ಎರಡನ್ನೂ ಅಳೆದು, ಒಂದು ಏರಿ ಇನ್ನೊಂದು ಇಳಿದಿರುವುದನ್ನು ತೋರಿಸುತ್ತವೆ. ದೇಹದಲ್ಲಿ ಎಲ್ಲಿಯಾದರೂ ಸೋಂಕು ತಗುಲಿದರೆ ಕೇಡು ಇಮ್ಮಡಿಸುವುದು.

ಸಂಸ್ಕೃತದಲ್ಲಿ ಮದ, ಮದ್ಯ, ಉನ್ಮಾದ, ಪ್ರಮಾದ ಇವೆಲ್ಲ ಒಂದೇ ಧಾತುವಿನಿಂದ ಹುಟ್ಟಿದುವು. ನುಡಿಯು ಕೂಡಿಸಿದ್ದನ್ನು ನಾವು ರೋಗಿಯ ಮಂಚದ ಬಳಿಯಲ್ಲಿ ಬಿಡಿಸಿ ನೋಡಬೇಕಾಗಿದೆ. ಕುಡಿತವನ್ನು ಥಟ್ಟನೆ ನಿಲ್ಲಿಸಿದವರಿಗೆ ಎರಡು ಮೂರು ದಿನಗಳೊಳಗೆ ಬರತಕ್ಕ ಸನ್ನಿಯೇ ಬೇರೆ: ಅದರಲ್ಲಿ ಬೆವರು, ನಡುಕ, ಇಲ್ಲದ ಹುಳುಹುಪ್ಪಟೆ ಕಾಣುವುದು, ಕಿರುಚಾಟ. ಬಿ-1 ಜೀವಸತ್ವದ ಕೊರತೆಯಿಂದ ಕಣ್ಣು ಕದಲಿ ಕಾಲು ತಡವರಿಸುವುದು ಮತ್ತೊಂದು. ಯಕೃತ್ತಿನದಾದರೆ ಮೊದಲು ನಿದ್ರೆ ತಿರುಗುಮುರುಗಾಗುವುದು, ಲೆಕ್ಕ ತಪ್ಪುವುದು, ಬರೆಹ ಕೆಡುವುದು. ಕೈ ಚಾಚಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಬೆರಳು ಅಗಲಿಸಿ ಹಿಡಿಯಹೇಳಿದರೆ ಅಂಗೈ ಹಕ್ಕಿಯ ರೆಕ್ಕೆಯಂತೆ ಮತ್ತೆ ಮತ್ತೆ ಜಗ್ಗಿ ಬೀಳುವುದು. ಇದನ್ನು ಅಮೆರಿಕದ ಆಡಮ್ಸ್ ಮತ್ತು ಫೋಲೀ 1949ರಲ್ಲಿ ವರ್ಣಿಸಿದರು. ಮೂರೂ ಒಬ್ಬರಲ್ಲಿಯೇ ಬೆರೆತಿರುವುದೂ ಉಂಟಾದುದರಿಂದ ನಿರ್ಣಯವು ವೈದ್ಯರದು. ಅದೇ ದಿನ ಕರೆದೊಯ್ಯುವ ಕೆಲಸ ನಮ್ಮದು.

ರಾತ್ರಿ ಮಲಗುತ್ತಿಲ್ಲವೆಂದು ನಿದ್ರೆಯ ಮಾತ್ರೆ ನುಂಗಿಸುವುದು ಮನೆಯವರು ಮಾಡುವ ಅತಿ ದೊಡ್ಡ ತಪ್ಪು. ಮಬ್ಬಾದ ಮಿದುಳು ಅದರಿಂದ ಮೂರ್ಛೆಗೆ ಜಾರಬಲ್ಲುದು. ಮಲ ಕಪ್ಪಾದರೆ ಒಳಗೆ ರಕ್ತ ಸೋರಿರಬಹುದು. ಆ ರಕ್ತವೂ ಕರುಳಿಗೆ ಮಾಂಸವೇ.

ಚಿಕಿತ್ಸೆ ಆಶ್ಚರ್ಯವಾಗುವಷ್ಟು ಸರಳ. 1966ರಿಂದ ಈ ರೋಗಕ್ಕೆ ಬಳಕೆಯಲ್ಲಿರುವ ಲ್ಯಾಕ್ಟುಲೋಸ್ ಎಂಬ ಸಿಹಿ ಪಾಕವು ಕರುಳಿನಲ್ಲಿ ಹುಳಿಯನ್ನುಂಟುಮಾಡಿ ಅಮೋನಿಯವನ್ನು ಅಲ್ಲಿಯೇ ತಡೆದು ಮಲದೊಡನೆ ಸಾಗಿಸುತ್ತದೆ. ದಿನಕ್ಕೆ ಎರಡು ಮೂರು ಬಾರಿ ಮೃದುವಾಗಿ ಶೋಧನೆಯಾಗುವಂತೆ ಅಳತೆ. ಅತಿಯಾದರೆ ನೀರು ಬತ್ತಿ ಕೇಡು ಮರಳುವುದು. ಮತ್ತೆ ಮತ್ತೆ ಬರುವವರಿಗೆ ರಿಫಾಕ್ಸಿಮಿನ್ ಎಂಬ ಮಾತ್ರೆಯನ್ನೂ ಕೂಡಿಸುವರು. ಬೇಳೆ ಹಾಲುಗಳನ್ನು ನಿಲ್ಲಿಸಿ ಬರಿಯ ಗಂಜಿ ಕೊಡುವ ಹಳೆಯ ಪದ್ಧತಿಯನ್ನು ಮಾತ್ರ ಈಗ ಕೈಬಿಟ್ಟಿದ್ದಾರೆ. 2004ರಲ್ಲಿ ಬಾರ್ಸಿಲೋನದ ವೈದ್ಯರು, ಅಂತಹ ಪಥ್ಯದಿಂದ ರೋಗಿಗೆ ಲಾಭವಿಲ್ಲವೆಂದು ತೋರಿಸಿಕೊಟ್ಟರು. ಯಕೃತ್ತು ಸೋತಾಗ ಅಮೋನಿಯವನ್ನು ಸ್ವಲ್ಪವಾದರೂ ಅಡಗಿಸುವುದು ಸ್ನಾಯುಗಳು. ಉಪವಾಸದಿಂದ ಅವೂ ಕರಗುವುವು. ಆದುದರಿಂದ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣಿಸಿ, ಮಲಗುವ ಮುನ್ನವೂ ಏನಾದರೂ ಕೊಡಬೇಕು.

ಆ ಯಜಮಾನರು ಐದನೆಯ ದಿನ ಮನೆಗೆ ಬಂದರು. ಕದ್ದು ಕುಡಿದರೆಂದು ಆಡಿದ ಮಾತಿಗಾಗಿ ಆಕೆ ಈಗಲೂ ನೊಂದುಕೊಳ್ಳುತ್ತಾರೆ. ಅವರಿಗೆ ಆ ಮಾತು ನೆನಪಿನಲ್ಲಿಯೇ ಇಲ್ಲ. ದಿನವೂ ಬೆಳಗ್ಗೆ ಕಾಫಿಗೆ ಮುಂಚೆ ಆಕೆ ಲೆಕ್ಕದ ಪುಸ್ತಕವನ್ನು ಮುಂದಿಟ್ಟು ರುಜು ಹಾಕಿಸಿ, ಹಿಂದಿನ ದಿನದ ರುಜುವಿನೊಡನೆ ಹೋಲಿಸಿ ನೋಡಿದ ಮೇಲೆಯೇ ಒಲೆಯ ಕಡೆಗೆ ಹೋಗುತ್ತಾರೆ.