ಮನೆಯಲ್ಲಿ ಕ್ಷಯವಿದ್ದರೆ ಮಕ್ಕಳನ್ನೂ ತಪಾಸಿಸಿ



ಮನೆಯ ಹಿರಿಯರಿಗೆ ಕ್ಷಯ ಎಂದು ಗೊತ್ತಾದ ಕೂಡಲೇ ಮಾತ್ರೆ ಶುರುವಾಗುತ್ತದೆ. ಅದೇ ಮನೆಯ ಮಕ್ಕಳತ್ತ ಎಷ್ಟೋ ಸಲ ಯಾರ ಗಮನವೂ ಹೋಗುವುದಿಲ್ಲ. ಕೆಮ್ಮು, ಜ್ವರ ಏನೂ ಇಲ್ಲದ ಮಗುವಿನಲ್ಲೂ ರೋಗಾಣು ಅಡಗಿರಬಹುದು. ಈ ಸುಪ್ತ ಕ್ಷಯ ಇತರರಿಗೆ ಹರಡದು. ಆದರೆ ಐದು ವರ್ಷದೊಳಗಿನವರಲ್ಲಿ, ಎಚ್‌ಐವಿ ಇರುವ ಮಕ್ಕಳಲ್ಲಿ ಬೇಗ ಕಾಯಿಲೆಯಾಗಿ ಉಲ್ಬಣಿಸುವ ಅಪಾಯ ಹೆಚ್ಚು.

ಪತ್ತೆಗೆ ಮಾಂಟೂ ಪರೀಕ್ಷೆಯಿದೆ. ಮುಂಗೈ ಚರ್ಮಕ್ಕೆ ಚುಚ್ಚಿ, 48ರಿಂದ 72 ಗಂಟೆಯೊಳಗೆ ಗಟ್ಟಿಯಾದ ಊತವನ್ನು ಅಳೆಯುತ್ತಾರೆ, ಕೆಂಪಾದದ್ದು ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ 10 ಮಿ.ಮೀ. ಆದರೆ ಪಾಸಿಟಿವ್, ಎಚ್‌ಐವಿ ಇದ್ದವರಿಗೆ 5 ಮಿ.ಮೀ. ಸಾಕು. ರೋಗನಿರೋಧಕ ಶಕ್ತಿ ಕುಂದಿದ ಮಗುವಿಗೆ ಊತವೇ ಬಾರದಿರಬಹುದು; ನೆಗೆಟಿವ್ ಎಂದು ನಿಶ್ಚಿಂತರಾಗುವಂತಿಲ್ಲ. ಇಗ್ರಾ ರಕ್ತಪರೀಕ್ಷೆಗೆ ಬಿಸಿಜಿ ಲಸಿಕೆ ಅಡ್ಡಬಾರದು, ಆದರೆ ಶಕ್ತಿ ಕುಂದಿದ ಮಗುವಿನಲ್ಲಿ ನೆಗೆಟಿವ್ ಫಲಿತಾಂಶವನ್ನು ನಂಬಲಾಗದ ಮಿತಿ ಅದಕ್ಕೂ ಇದೆ.

ಅದಕ್ಕೇ ಶ್ವಾಸಕೋಶದ ಕ್ಷಯ ಇರುವವರ ಮನೆಯ ಐದು ವರ್ಷದೊಳಗಿನ ಮಕ್ಕಳಿಗೂ, ಎಚ್‌ಐವಿ ಇರುವ ಒಂದು ವರ್ಷ ದಾಟಿದ ಮಕ್ಕಳಿಗೂ, ಸಕ್ರಿಯ ಕ್ಷಯ ಇಲ್ಲವೆಂದು ಖಚಿತವಾದ ಮೇಲೆ ಈ ಪರೀಕ್ಷೆಗಳಿಗೆ ಕಾಯದೆ ತಡೆ ಚಿಕಿತ್ಸೆ ಕೊಡಬೇಕೆಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಉಬ್ರಾಣಿ ಹೋಬಳಿಯಲ್ಲಿ ಅಡಿಕೆ ಸುಲಿತದ ದಿನಗಳಲ್ಲಿ ಕೂಲಿ ಬಿಟ್ಟು, ಪರೀಕ್ಷೆ ಬೇಕಾದ ಮಕ್ಕಳ ಊತ ತೋರಿಸಲು ಎರಡನೇ ಸಲ ಆಸ್ಪತ್ರೆಗೆ ಹೋಗುವುದು ಬಡವರಿಗೆ ಕಷ್ಟ. ಆರೋಗ್ಯ ಸಿಬ್ಬಂದಿ ಅಂಗನವಾಡಿಗೇ ಬಂದು ಅಳೆಯುವ ವ್ಯವಸ್ಥೆಯಾಗಲಿ. ಕ್ಷಯ ರೋಗಿಯ ಮನೆಯ ಪ್ರತಿ ಮಗುವಿನ ಹೆಸರೂ ಆಶಾ ಕಾರ್ಯಕರ್ತೆಯರ ಪಟ್ಟಿಗೆ ಸೇರಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಇತ್ತ ಗಮನ ಹರಿಸಬೇಕು.

– ಓದುಗ, ಉಬ್ರಾಣಿ, ಚನ್ನಗಿರಿ ತಾ.