ರೇವಾ ಅಂದರೆ ಏನು?



ಕಳೆದ ತಿಂಗಳು ಸೂರತ್ತಿನಲ್ಲಿ ನನ್ನ ಮೊಮ್ಮಗಳ ನಾಮಕರಣವಾಯಿತು. ಅಳಿಯಂದಿರು ಗುಜರಾತಿಗಳು. ಅವರಲ್ಲಿ ಹೆಸರಿಡುವ ಹಕ್ಕು ಫೋಯಿಯದು, ಅಂದರೆ ಸೋದರತ್ತೆಯದು. ಅಹಮದಾಬಾದಿನಿಂದ ಬಂದ ಆಕೆ, ಬಟ್ಟೆಯ ಮೂಲೆಗಳನ್ನು ಹಿಡಿಸಿ ಮಗುವನ್ನು ತೂಗಿ, 'ರೇವಾ' ಎಂದಳು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರ ಮುಖ ಸಪ್ಪಗಾಯಿತು. "ಎರಡಕ್ಷರದ ಹೆಸರೇನವಾ? ಕರಿಯೂದ್ರಾಗ ಮುಗದಹೋಗ್ತದ. ನಮ್ಮ ಕಡೆದು ಏನೂ ಬ್ಯಾಡೇನು?" ಎಂದರು.

ಆ ರಾತ್ರಿ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ರೇವಾ ಎಂದರೆ ನರ್ಮದೆ. ಸಂಸ್ಕೃತದ 'ರೇವ್' ಧಾತುವಿಗೆ ಜಿಗಿಯುವುದು ಎಂಬರ್ಥ. ಅಮರಕಂಟಕದಲ್ಲಿ ಹುಟ್ಟಿ, ಬಂಡೆಗಳ ಮೇಲೆ ಧುಮುಕುತ್ತ 1,312 ಕಿ.ಮೀ. ಹರಿದು, ಭರೂಚಿನಾಚೆ ಕಡಲು ಸೇರುವವಳಿಗೆ ಒಪ್ಪುವ ಹೆಸರು. ಮಗುವಿನದು ಸ್ವಾತಿ ನಕ್ಷತ್ರ. ನಮ್ಮ ಪಂಚಾಂಗದಲ್ಲಿ ಅದಕ್ಕೆ ರು, ರೇ, ರೋ, ತಾ. ಗುಜರಾತಿಗಳು ರಾಶಿ ನೋಡುತ್ತಾರೆ. ತುಲಾ ರಾಶಿಗೆ ರ, ತ. ಎರಡೂ ಕಡೆಯ ಲೆಕ್ಕ ಕೂಡಿಬಂತು.

ಇನ್ನು 'ನಮ್ಮ ಕಡೆಯದು'. ಐಹೊಳೆಯ ಮೇಗುತಿ ಜಿನಾಲಯದಲ್ಲಿ ರವಿಕೀರ್ತಿ ರಚಿಸಿದ, ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ ಆ ಶಾಸನದಲ್ಲಿ ವಿಂಧ್ಯದ ಜೊತೆಗೆ ರೇವೆಯ ಮರಳದಂಡೆಗಳೂ ಬರುತ್ತವೆ. ಭಾಷೆ ಸಂಸ್ಕೃತ, ಲಿಪಿ ಹಳೆಗನ್ನಡದ್ದು. "ಈ ಹೆಸರು ನಮ್ಮ ಕಲ್ಲಿನ ಮ್ಯಾಲ ಸಾವಿರದ ಮುನ್ನೂರು ವರ್ಷದ ಮ್ಯಾಲಾತು, ಅದರಿ" ಎಂದೆ. ಅತ್ತೆಯವರು ಮಾತಾಡಲಿಲ್ಲ.

ಹೆಸರಿನ ವಿಷಯದಲ್ಲಿ ನನಗೆ ಇಷ್ಟು ಹಟ ಏಕೆಂದರೆ, ನನ್ನ ಮದುವೆಯ ದಿನ ನಮ್ಮ ಕಡೆಯ ಪದ್ಧತಿಯಂತೆ ತಟ್ಟೆಯ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದರು. ಅಪ್ಪ ಇಟ್ಟ ಹೆಸರು ಬಿ.ಎ. ಸರ್ಟಿಫಿಕೇಟಿನಲ್ಲಷ್ಟೇ ಉಳಿಯಿತು. ಅದನ್ನೂ ಅಂದು ಹೇಳಿಬಿಟ್ಟೆ. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದೂ ಬದಲಿ ಮಾಡಿದ್ರವಾ" ಎಂದು ತಮ್ಮ ತವರಿನ ಹೆಸರು ಹೇಳಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಕೇಳಿರಲಿಲ್ಲ!

ವಡೋದರಾಕ್ಕೆ ಮರಳುವಾಗ ರೈಲು ಭರೂಚಿನ ಸೇತುವೆ ಏರಿತು. ಅತ್ತೆಯವರು ಕಿಟಕಿಯಿಂದ ನಾಣ್ಯ ಹಾಕಿ ಕೈಮುಗಿದು, "ರೇವವ್ವಾ, ಕೂಸಿನ ಹೆಸರು ಯಾರೂ ಬದಲಿಸಧಾಂಗ ನೋಡಿಕೊ" ಎಂದರು.

ನಿಮ್ಮ ಮನೆಯ ಹಿರಿಯರ ತವರಿನ ಹೆಸರು ನಿಮಗೆ ಗೊತ್ತೆ? ಇವತ್ತೇ ಕೇಳಿ ನೋಡಿ.